ಕುಂಚಿಗೆಯೊಳಗಿನ ಮುಖ

ಮೊಮ್ಮಗಳ ಫೋಟೋ ಬಾಂದ್ರಾದ ಗ್ಯಾಲರಿಯ ಗೋಡೆ ಏರಿದೆ ಎಂದು ಗೊತ್ತಾದಾಗ ಸುಂದ್ರವ್ವನಿಗೆ ಮೊದಲು ಖುಷಿಯೇ ಆಯಿತು. ಸುದ್ದಿ ತಂದವನು ಯಲ್ಲಾಲಿಂಗ. ಮಲಾಡ್‌ನಲ್ಲಿ ಅವಳದೇ ಚಾಳಿನವನು, ಮೊಮ್ಮಗಳ ಹಾಗೆ ಅವನೂ ಈ ಅಜ್ಜಿಗೆ ಆಯಿ ಎನ್ನುವವನು, ಆ ಗ್ಯಾಲರಿಯ ವಾಚ್‌ಮನ್. ಮೊಬೈಲಿನಲ್ಲಿ ಚಿತ್ರ ತೋರಿಸಿ, ಅವಳ ಮೊಬೈಲಿಗೂ ಕಳಿಸಿದ. ಕಾಂದಿವಲಿಯಲ್ಲಿ ಸುಂದ್ರವ್ವ ಕೆಲಸ ಮಾಡುವ ಬಿಲ್ಡಿಂಗಿನ ಉಸುಕಿನ ಗುಡ್ಡೆ; ಅದರ ಮುಂದೆ ಆರು ವರ್ಷದ ಶಿವಕುಮಾರಿ, ತಲೆಗೆ ಕುಂಚಿಗೆ ಕಟ್ಟಿಕೊಂಡು ನಿಂತಿದ್ದಳು.

ಆ ಕುಂಚಿಗೆ ಸುಂದ್ರವ್ವನ ಕೈಯದು. ತಲೆಗೆ ಟೊಪ್ಪಿಗೆಯಾಗಿ, ಬೆನ್ನಿಗೆ ಹೊದಿಕೆಯಾಗಿ ಇಳಿಬೀಳುವ ಅದನ್ನು ಅವಳ ಊರ ಕಡೆಯ ಅಜ್ಜಿಯರು ತುಂಡು ಬಟ್ಟೆ ಜೋಡಿಸಿಯೇ ಹೊಲಿಯುವುದು. ಆದರೆ ಎಂಥ ತುಂಡುಗಳು! ತಾಯಿಯ ಖಣದ ಕುಪ್ಪಸ, ತನ್ನ ಮದುವೆಯ ಇಳಕಲ್ ಸೀರೆಯ ಅಂಚು, ತೀರಿಹೋದ ಗಂಡನ ರುಮಾಲು. ಮೂರು ತಿಂಗಳು, ಊಟದ ಬಿಡುವಿನಲ್ಲಿ, ಸಿಮೆಂಟಿನ ಕೈ ತೊಳೆದು ತೊಳೆದು ಹೊಲಿದಿದ್ದಳು. ಅದರಲ್ಲಿ ಯಾರಾದರೂ ಒಂದು ವಕ್ರ ಹೊಲಿಗೆ ತೋರಿಸಿದ್ದರೆ ಅವರಿಗೆ ಆಕೆ ಅಂದಿನ ಊಟವನ್ನೇ ಕೊಟ್ಟುಬಿಡುತ್ತಿದ್ದಳು.

"ಕೆಳಗ ಏನೋ ಬರದಾರಲ್ಲ, ಏನದು?" ಎಂದಳು.

ಯಲ್ಲಾಲಿಂಗ ಮೊಬೈಲ್ ಕೆಳಗಿಳಿಸಿದ. "ಚಿಂದಿ ಅಂತ ಬರದಾರ, ಆಯಿ."

ಸುಂದ್ರವ್ವನ ನೆತ್ತಿಗೆ ಸಿಟ್ಟೇರಿತು. ಮರುದಿನ ಭಾನುವಾರ. ಪೆಟ್ಟಿಗೆಯ ತಳದಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು, ಕುಂಚಿಗೆಯನ್ನು ಚೀಲಕ್ಕೆ ಹಾಕಿಕೊಂಡಳು, ಮೊಮ್ಮಗಳ ಕೈ ಹಿಡಿದು ಲೋಕಲ್ ಹತ್ತಿದಳು.

ಫೋಟೋ ತೆಗೆದವನು ಗ್ಯಾಲರಿಯಲ್ಲೇ ಸಿಕ್ಕ, ಹೆಸರು ನವೀನ. ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಮುಂಬಯಿ. ಕನ್ನಡ ಕಿವಿಗೆ ಹತ್ತುತ್ತಿತ್ತು, ನಾಲಿಗೆಗೆ ಬಂದಾಗ ಮಾತ್ರ ಎಡವುತ್ತಿತ್ತು.

"ತಮ್ಮಾ, ಇದಕ್ಕ ಚಿಂದಿ ಅಂತ ಹೆಸರಿಟ್ಟವ ನೀನೇ ಏನು?"

"ಹೌದು ಆಂಟಿ. ಅದು... ಮೀನಿಂಗ್ ಬೇರೆ ಇದೆ. ಬಡತನ, ಬಾಲ್ಯ..."

ಸುಂದ್ರವ್ವ ಅಲ್ಲಿದ್ದ ಗಾಜಿನ ಮೇಜಿನ ಮೇಲೆ ಕುಂಚಿಗೆ ಹರಡಿದಳು. ಯಾವ ತುಂಡು ಯಾರದು ಎಂದು ಒಂದೊಂದಾಗಿ ಬೆರಳಿಟ್ಟು ಹೇಳಿದಳು. ನವೀನನ ಮುಖ ಸಣ್ಣದಾಯಿತು.

"ನನಗೆ ಗೊತ್ತಿರ್ಲಿಲ್ಲ. ಪರ್ಮಿಷನ್ ಕೇಳಿದ್ದೆ, ಆಂಟಿ. ಸೈಟಿನ ಮುಕಾದಮ, ನಿಮ್ಮ ಮೇಸ್ತ್ರಿ, ತೆಗಿ ಅಂದ."

"ಮುಕಾದಮ ಏನು ಅಕಿನ ಹಡದಾನ?"

ಪಾಪ, ನವೀನ ಕೆಟ್ಟವನಲ್ಲ. ಚಿತ್ರದ ಕೆಳಗಿನ ಹೆಸರಿನ ಚೀಟಿಯತ್ತ ಕೈ ಮಾಡಿ ಹೇಳಿದ: "ಹೆಸರು ಚೇಂಜ್ ಮಾಡ್ತೇನೆ. ಕುಂಚಿಗೆ ಅಂತ ಹಾಕ್ತೇನೆ. ಹೊಲಿದವರು ಸುಂದ್ರವ್ವ ಅಂತ ನಿಮ್ಮ ಹೆಸರೂ ಹಾಕ್ತೇನೆ. ಆಗಬಹುದಾ?"

ಸುಂದ್ರವ್ವನ ಎದೆ ಉಬ್ಬಿತು. ಮೂವತ್ತು ವರ್ಷ ಈ ಊರಿನ ಬಿಲ್ಡಿಂಗುಗಳಿಗೆ ಬುಟ್ಟಿ ಹೊತ್ತಿದ್ದಳು, ಒಂದು ಗೋಡೆಯ ಮೇಲೂ ಅವಳ ಹೆಸರಿರಲಿಲ್ಲ. ಈಗ ಬಾಂದ್ರಾದಲ್ಲಿ, ದೀಪದ ಬೆಳಕಿನಲ್ಲಿ! ಹೂಂ ಎನ್ನಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಸೆರಗು ಜಗ್ಗಿದಂತಾಯಿತು.

"ಆಯಿ, ನಂಗ ಬ್ಯಾಡ," ಎಂದಳು ಶಿವಕುಮಾರಿ.

"ಯಾಕವ್ವ? ಹೆಸರು ಬದಲ್ ಮಾಡ್ತಾರಲ್ಲ."

"ಅದ್ರಾಗ ನಾ ಅಳ್ಲತ್ತೀನಿ. ಎಲ್ಲಾರೂ ನೋಡ್ಲತ್ತಾರ."

ಸುಂದ್ರವ್ವ ಗೋಡೆಯ ಕಡೆ ತಿರುಗಿದಳು. ಹೌದು, ಹುಡುಗಿ ಅಳುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು, ಮೂಗು ಸುರಿಯುತ್ತಿತ್ತು, ಒಂದು ಕೈ ಕಿವಿಯನ್ನು ಒತ್ತಿ ಹಿಡಿದಿತ್ತು. ಅಂದು ಮಗುವಿಗೆ ಕಿವಿನೋವು; ಗಾಳಿ ತಾಕದಿರಲೆಂದು ತಾನೇ ಕುಂಚಿಗೆ ಬಿಗಿದು ಕಟ್ಟಿ ಕೆಲಸಕ್ಕೆ ಹೋಗಿದ್ದಳು. ನಿನ್ನೆಯಿಂದ ಈ ಚಿತ್ರವನ್ನು ಮೊಬೈಲಿನಲ್ಲಿ ಇಪ್ಪತ್ತು ಸಲವಾದರೂ ನೋಡಿದ್ದಳು. ನೋಡಿದ್ದೆಲ್ಲ ತನ್ನ ಹೊಲಿಗೆಯನ್ನು. ಇವನಿಗೆ ಚಿಂದಿ ಕಂಡಿತ್ತು, ಅವಳಿಗೆ ಖಣ ಕಂಡಿತ್ತು, ಕೂಸಿನ ಮುಖ ಇಬ್ಬರಿಗೂ ಕಂಡಿರಲಿಲ್ಲ. ಸುಂದ್ರವ್ವನಿಗೆ ನಾಚಿಕೆಯಾಯಿತು. ಬಯ್ಯಲು ಬಂದವಳು ತಾನೇ ಬಯ್ಯಿಸಿಕೊಂಡ ಹಾಗಾಯಿತು.

"ನನ್ನ ಕೇಳಬ್ಯಾಡ ತಮ್ಮಾ," ಎಂದಳು. "ಅಕಿನ ಕೇಳು."

ನವೀನ ನೆಲದ ಮೇಲೆ ಮೊಣಕಾಲೂರಿದ. "ಶಿವಕುಮಾರಿ, ನಿನ್ನ ಫೋಟೋ ಇಲ್ಲಿ ಇಡಬಹುದಾ?"

ಅಪರಿಚಿತರು ಬಂದರೆ ಅಜ್ಜಿಯ ಹಿಂದೆ ಅಡಗುವ ಹುಡುಗಿ ಅವಳು. ಇಂದು ಅಡಗಲಿಲ್ಲ. ಅವನ ಕಣ್ಣನ್ನೇ ನೋಡಿ, "ಬ್ಯಾಡ," ಎಂದಳು.

ಗ್ಯಾಲರಿಗೆ ಬಂದಿದ್ದ ನಾಲ್ಕಾರು ಜನ ಸುತ್ತ ನಿಂತು ನೋಡುತ್ತಿದ್ದರು. ನವೀನ ಎದ್ದು, ತಾನೇ ಚಿತ್ರವನ್ನು ಮೊಳೆಯಿಂದ ಇಳಿಸಿದ. "ಇನ್ನೆಲ್ಲೂ ಹಾಕುವುದಿಲ್ಲ," ಎಂದ. ಹೇಳಿದ್ದು ಸುಂದ್ರವ್ವನಿಗಲ್ಲ, ಶಿವಕುಮಾರಿಗೆ.

ಗೇಟಿನಲ್ಲಿ ಯಲ್ಲಾಲಿಂಗ ತುದಿಗಾಲಲ್ಲಿ ನಿಂತಿದ್ದ. "ಏನಾತು ಆಯಿ? ಹೆಸರು ಬದಲ್ ಮಾಡಿದ್ರಾ?"

"ಫೋಟೋನೇ ತೆಗದ್ರು. ನಮ್ ಹುಡುಗಿ ಬ್ಯಾಡ ಅಂದಳು, ತೆಗದ್ರು."

"ಅಯ್ಯ, ನಿನ್ನ ಹೆಸರು ಹಾಕ್ತಿದ್ರೇನೋ."

ಸುಂದ್ರವ್ವ ಸೆರಗು ಸರಿಮಾಡಿಕೊಂಡು, ದಾರಿಹೋಕರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಯಾರಾರ ಕೇಳಿದ್ರ, ಶಿವಕುಮಾರಿ ಆಯಿ ಬಂದಿದ್ದಳು ಅಂತ ಹೇಳು. ಅಷ್ಟು ಹೆಸರು ಸಾಕು ನನಗ."