ಎಲ್ಡು ಬಿಟ್ರೆ ಸರೋಯ್ತದೆ

ಮಂಜುನಾಥ ಕಾಲರ್ ಹಿಡಿದು ಜಗ್ಗಿದ ರಭಸಕ್ಕೆ, ಹೂವಿನ ಹಾರ ತಂದಿದ್ದ ಮೆಕ್ಯಾನಿಕ್ ಅಶೋಕನ ಅಂಗಿಯ ಗುಂಡಿಗಳು ಕಿತ್ತು, ಹೆಣ ಮಲಗಿಸಿದ್ದ ಚಾಪೆಯ ತನಕ ಉರುಳಿದವು. ಅಪ್ಪನ ತಲೆಯ ಹತ್ತಿರ ಕೂತಿದ್ದ ದೀಪಶ್ರೀ ಕಾಲು ಹಿಂದಕ್ಕೆಳೆದುಕೊಂಡಳು.

"ಆರ ತಂದವ್ನೆ ನೋಡ್ರಲಾ. ನಮ್ಮಣ್ಣನ್ನ ಕೊಂದ್ಬುಟ್ಟು ಆರ ಹಾಕಕ್ಕೆ ಬಂದವ್ನೆ," ಅಂದ ಮಂಜುನಾಥ. ದೀಪಶ್ರೀಗೆ ಅವನು ಚಿಕ್ಕಪ್ಪ.

"ನಾ ಏನೂ ಮಾಡಿಲ್ಲ ಕಣಣ್ಣ. ಗಾಡಿ ತಗೊಂಡೋಗ್ಬೇಡಿ ಅಂತಾನೇ ಅಂದೆ."

"ನೆನ್ನೆ ಬೆಳಗ್ಗೆ ನಿನ್ ಗ್ಯಾರೇಜಿಂದ ಬಂದ ಗಾಡಿ ಮಧ್ಯಾನಕ್ಕೆ ಇರೀಸಾವೆ ಹೈವೇಲಿ ಆಫ್ ಆಗಿ ನಿಂತದೆ. ಇಂದ್ಗಡೆ ಲಾರಿ ಬಂದು ಅಪ್ಪಚ್ಚಿ ಮಾಡದೆ. ಬೇಡ ಅಂದ್ನಂತೆ." ಮಾತು ಮುಗಿಯುವುದರೊಳಗೆ ಮೊಣಕೈ ಅಶೋಕನ ಬಾಯಿಗೆ ಬಿದ್ದಿತ್ತು.

ಅರಕಲಗೂಡಿನ ಭಾವ ಚೇರು ಬಿಟ್ಟು ಎದ್ದ. ಹೊಳೆನರಸೀಪುರದ ಮಾವನ ಮಕ್ಕಳೂ ಎದ್ದರು. ಸಾವಿನ ಮನೆಯಲ್ಲಿ ಗಂಡಸರಿಗೆ ಕೂತು ಕೂತು ಸಾಕಾಗಿತ್ತು. ಈಗ ಒಂದು ಕೆಲಸ ಸಿಕ್ಕಿತು.

ನೆಲಕ್ಕೆ ಬಿದ್ದ ಅಶೋಕ ಅಲ್ಲಿಂದಲೇ ದೀಪಶ್ರೀಯನ್ನು ನೋಡಿದ. ಗ್ಯಾರೇಜಿನಲ್ಲಿ ನಡೆದದ್ದನ್ನು ಕಂಡವಳು ಇಷ್ಟು ಜನರಲ್ಲಿ ಅವಳೊಬ್ಬಳೇ. ಅವ್ವ ಒಳಗೆ ಪ್ರಜ್ಞೆ ತಪ್ಪಿ ಮಲಗಿದ್ದಳು. ದೀಪಶ್ರೀ ಮುಖ ತಿರುಗಿಸಿದಳು.

*

ದೀಪಶ್ರೀಯ ಅಪ್ಪ ದೇವರಾಜ ಕೆಟ್ಟ ಮನುಷ್ಯ ಅಂತ ಊರಲ್ಲಿ ಯಾರೂ ಅನ್ನುತ್ತಿರಲಿಲ್ಲ. ಕೊಬ್ಬರಿ ವ್ಯಾಪಾರ, ಒಂದು ಹಳೇ ಪೆಟ್ರೋಲ್ ಕಾರು, ಒಬ್ಬಳೇ ಮಗಳು. ಕೈ ಮಾತ್ರ ಮಾತಿಗಿಂತ ಮುಂದು. ಟಿ.ವಿ. ಬರಲಿಲ್ಲವೋ, ಅದರ ನೆತ್ತಿಗೊಂದು. ಬೋರಿನ ಸ್ಟಾರ್ಟರ್ ಕೂರಲಿಲ್ಲವೋ, ಅದಕ್ಕೊಂದು. ಸಾರಿಗೆ ಉಪ್ಪು ಹೆಚ್ಚಾಯಿತೋ, ಮಗಳಿಗೆ ಮಾರ್ಕ್ಸ್ ಕಮ್ಮಿಯಾಯಿತೋ, ಅಲ್ಲೂ ಅದೇ ರಿಪೇರಿ. ಕರ್ಮ ಅಂದರೆ, ಟಿ.ವಿ. ಬಂದುಬಿಡುತ್ತಿತ್ತು.

ಹೋದ ತಿಂಗಳು ಜಿನನಾಥಪುರದ ಹತ್ತಿರ ಕಾರು ಎಳೆದೆಳೆದು, ಕೆಮ್ಮಿ ಕೆಮ್ಮಿ ನಿಂತಿತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತೆ, ಹತ್ತಿಕೊಳ್ಳಲ್ಲ. ದೇವರಾಜ ಕಾಲಿನ ಎಕ್ಕಡ ಬಿಚ್ಚಿಕೊಂಡು ಕಾರಿನಡಿ ತೂರಿದ. ಪೆಟ್ರೋಲ್ ಟ್ಯಾಂಕಿನ ತಳಕ್ಕೆ ದಬದಬ ಬಿಟ್ಟ. ಆಮೇಲೆ ಕೀ ತಿರುಗಿಸಿದರೆ, ಸ್ಟಾರ್ಟ್ ಆಗೇಬಿಡಬೇಕಾ.

"ನೋಡ್ದಾ ದೀಪು? ಎಲ್ಡು ಬಿಟ್ರೆ ಎಲ್ಲಾ ಸರೋಯ್ತದೆ." ಮೈಯೆಲ್ಲ ಧೂಳು, ಮುಖವೆಲ್ಲ ನಗು. ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವತ್ತು ಬೆಳಗೊಳದಲ್ಲಿ ಐಸ್‌ಕ್ರೀಮ್ ಕೊಡಿಸಿದ. ಇನ್ನೊಂದು ಬೇಡ ಅಂದಿದ್ದಕ್ಕೆ ಬೈದ.

*

"ಗ್ಯಾರೇಜಿಗೆ ಬೆಂಕಿ ಇಕ್ಕನ, ನಡೀರಿ," ಅಂದ ಅರಕಲಗೂಡಿನ ಭಾವ.

"ಗ್ಯಾರೇಜ್ ಓದ್ರೆ ಇನ್ನೊಂದು ಇಕ್ಕಂತನೆ. ಕೈ ಓಗ್ಬೇಕು," ಅಂದ ಮಂಜುನಾಥ. "ಒಗೆಯೋ ಕಲ್ಲಿನ ಮೇಲೆ ಮಡುಗ್ರಲಾ ಅದ್ನ."

ಇಬ್ಬರು ಅಶೋಕನ ತೋಳು ತಿರುಚಿದರು. ಭುಜದಲ್ಲಿ ಏನೋ ಲಟಕ್ ಅಂತು. ಅವನು ಕೂಗಿದ ಕೂಗಿಗೆ ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು.

"ಕಾಲೋನಿಯೋನ ಕೈಗೆ ಗಾಡಿ ಕೊಟ್ಟಿದ್ದೇ ತಪ್ಪು," ಎಂದು ಹಿಂದೆ ಯಾರೋ ಗೊಣಗಿದರು. ಮಂಜುನಾಥ ಟ್ರ್ಯಾಕ್ಟರಿನಿಂದ ವೀಲ್ ಸ್ಪ್ಯಾನರ್ ತಂದ.

ದೀಪಶ್ರೀ ಎದ್ದು ನಿಂತಳು. ಬಾಯಿ ಬಿಟ್ಟರೆ ಅಪ್ಪನ ಮಾನ ಹೋಗುತ್ತೆ, ಅದೂ ಹೆಣ ಎತ್ತುವ ಮೊದಲೇ. ಬಿಡದಿದ್ದರೆ ಆ ಕೈ ಹೋಗುತ್ತೆ.

*

ನೆನ್ನೆ ಚನ್ನರಾಯಪಟ್ಟಣದ ಗ್ಯಾರೇಜಿನಲ್ಲಿ ಅಶೋಕ ಹಿಂದಿನ ಸೀಟು ತೋರಿಸಿ, "ಇಲ್ಲಿ ಕಿವಿ ಇಡಿ ದೀಪಮ್ಮ," ಅಂದಿದ್ದ. "ಕೀ ಆನ್ ಮಾಡಿದ್ ತಕ್ಷಣ ಕೆಳಗಡೆ ಟ್ಯಾಂಕಲ್ಲಿರೋ ಪಂಪು ಜುಯ್ ಅಂದು ಸುಮ್ನಾಗ್ಬೇಕು."

ಅವಳಿಗೆ ಕೇಳಿಸಿದ್ದು ಗೊರಗೊರ. "ನಮ್ಮಜ್ಜಿ ಗೊರಕೆ ಹೊಡ್ದಂಗೈತೆ."

"ಹಂಗಂದ್ರೆ ಪಂಪಿನ ಆಯಸ್ಸು ಮುಗೀತು."

ಇಂಜಿನ್ನಿಗೆ ಪೆಟ್ರೋಲ್ ಹೋಗುವ ಪೈಪಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ ಆಕ್ಸಿಲರೇಟರ್ ಒತ್ತಿದ. ಗಟ್ಟಿ ನಿಲ್ಲಬೇಕಿದ್ದ ಮುಳ್ಳು ಜರ್ರನೆ ಇಳಿಯಿತು.

"ಫಿಲ್ಟರ್ ಹೊಸದು ಹಾಕಿ ನೋಡ್ದೆ ಅಣ್ಣ, ಆದ್ರೂ ಹಂಗೇ. ನಿಂತಾಗ ಚೆನ್ನಾಗಿರ್ತದೆ, ಸ್ಪೀಡಲ್ಲಿ ಪೆಟ್ರೋಲ್ ಸಾಲಲ್ಲ. ನಾಳೆ ಹಾಸನದಿಂದ ಪಂಪು ಬತ್ತದೆ. ಅಲ್ಲೀಗಂಟ ಇಲ್ಲೇ ಇರ್ಲಿ."

"ನಂಗೆ ಇರೀಸಾವೇಲಿ ಕೆಲ್ಸ ಐತೆ. ನಿಂತ್ರೆ ಎಲ್ಡು ಬಿಡ್ತೀನಿ. ಕೀ ತತ್ತಾ," ಅಂದ ದೇವರಾಜ.

"ಹೈವೇಲಿ ಆಫಾದ್ರೆ ಬಿಡಕ್ಕೆ ಟೈಮ್ ಎಲ್ಲಿರ್ತದೆ? ಕೊಡಲ್ಲ." ಅಶೋಕ ಕೀ ಜೇಬಿಗೆ ಹಾಕಿಕೊಂಡ.

ಅಪ್ಪನ ಕೈ ಎದ್ದದ್ದು ದೀಪಶ್ರೀಗೆ ಕಾಣಲಿಲ್ಲ. ಸದ್ದಷ್ಟೇ. ಅಶೋಕ ಬಾನೆಟ್ಟಿನ ಮೇಲೆ ಬಿದ್ದ. ಏಳುವಷ್ಟರಲ್ಲಿ ಹೊಟ್ಟೆಗೆ ಒದೆ. ಕೀ ಕಿತ್ತುಕೊಂಡ ಅಪ್ಪ ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ, "ಕಾಲೇಜಿಗೆ ಅಸ್ಕಂಡ್ ಓಗ್ಬೇಡ, ಏನಾರ ತಿನ್ನು," ಅಂದು ಹೋದ.

*

ಸ್ಪ್ಯಾನರ್ ಮೇಲೆದ್ದಿತು. ದೀಪಶ್ರೀ ಜನರನ್ನು ತಳ್ಳಿಕೊಂಡು ಹೋಗಿ, ಕಲ್ಲಿನ ಮೇಲಿದ್ದ ಅಶೋಕನ ಕೈ ಮೇಲೆ ತನ್ನ ಕೈ ಇಟ್ಟಳು.

"ಇವ್ರು ಕೀ ಕೊಡಲ್ಲ ಅಂದ್ರು ಚಿಕ್ಕಪ್ಪ. ಅಪ್ಪ ಹೊಡ್ದು ಕಿತ್ಕೊಂಡ್ರು."

ಚಿಕ್ಕಪ್ಪನ ಏಟು ಕೆನ್ನೆಗೆ ಬಿತ್ತು. ಕಿವಿ ಗುಂಯ್ ಅಂತು.

"ಎಣ ಮುಂದಿಕ್ಕಂಡು ಅಪ್ಪನ ಮೇಲೇ ಯೋಳ್ತೀಯೇನೆ?"

"ಹೊಡ್ದು ಕಿತ್ಕೊಂಡ್ರು."

ಮತ್ತೆ ಬಿತ್ತು. ತುಟಿ ಒಡೆಯಿತು. ಕೈ ತೆಗೆಯಲಿಲ್ಲ.

"ಹೊಡ್ದು," ಅಂದಳು, ರಕ್ತ ಉಗುಳಿ, "ಕಿತ್ಕೊಂಡ್ರು."

ಜಗಲಿಯ ಮೂಲೆಯಿಂದ ನಂಜಮ್ಮ ಎದ್ದು ಬಂದರು. ಸತ್ತವನ ತಾಯಿ. ಮಂಜುನಾಥ ಇನ್ನೊಮ್ಮೆ ಎತ್ತಿದ್ದ ಕೈ ಅಲ್ಲೇ ನಿಂತಿತು. ಅವರು ಅವನನ್ನು ನೋಡಲೇ ಇಲ್ಲ. ಅಶೋಕನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನಮ್ ದೇವು ನಿಂಗೆ ಹೊಡುದ್ನಾ ಮಗ?"

ಅಶೋಕ ತಲೆಯಾಡಿಸಿದ.

"ಯೋಳು. ಯಾವ ಕೈಲಿ?"

"ಬಲಗೈಲಿ ಕಣವ್ವ."

ನಂಜಮ್ಮ ಹೂಂ ಅಂದರು. ತೋಳು ಹಿಡಿದಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಮುದುಕಿ ಮಗನ ಪಕ್ಕಕ್ಕೆ ಹೋಗಿ ಕೂತು, ಸೆರಗಿನ ಅಂಚನ್ನು ಪರ್ರನೆ ಹರಿದರು. ಹೆಣದ ಹೆಬ್ಬೆರಳು ಕಟ್ಟಬೇಕು ಅನ್ನುವುದು ಈ ಗಲಾಟೆಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಮಗನ ಬಲಗೈ ಎತ್ತಿ ಎಡಗೈಗೆ ಜೋಡಿಸಿ, ಎರಡು ಹೆಬ್ಬೆರಳಿಗೂ ಗಂಟು ಹಾಕಿದರು. ಅಲ್ಲಿಗೇ ನಿಲ್ಲಿಸಲಿಲ್ಲ. ಉಳಿದ ಬಟ್ಟೆಯನ್ನು ಆ ಬಲಗೈಯ ಮಣಿಕಟ್ಟಿಗೆ ಸುತ್ತಿದರು, ಇನ್ನೊಂದು ಸುತ್ತು, ಮತ್ತೊಂದು. ಕೊನೆಗೆ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎರಡೂ ಕೈಯಿಂದ ಜಗ್ಗಿ ಬಿಗಿದರು.