ಗಾಳಿಯ ನೀರಡಿಕೆ

ಜಿನಮತಿಬಾಯಿಯವರು ನಡೆದುಬರುವುದನ್ನು ಮೊದಲ ಸಲ ಕಂಡವರು, ಪಾಪ, ಈ ಹಿರಿಯರು ಏನೋ ಕಳೆದುಕೊಂಡಿದ್ದಾರೆ ಎಂದುಕೊಂಡು ತಾವೂ ನೆಲ ನೋಡತೊಡಗುತ್ತಾರೆ. ಕಳೆದದ್ದು ಏನೂ ಇಲ್ಲ. ಕಾಲಡಿಗೆ ಒಂದು ಇರುವೆಯೂ ಸಿಕ್ಕಬಾರದೆಂಬ ಎಚ್ಚರದಲ್ಲಿ ಆಯುಷ್ಯವೆಲ್ಲ ನಡೆದು ನಡೆದು ಅವರ ಕತ್ತು ಹಾಗೇ ಬಾಗಿ ನಿಂತಿದೆ. ಕಳೆದ ಬೇಸಿಗೆಯಿಂದ ಈ ನಡಿಗೆಗೆ ಹೊಸದೊಂದು ಭಂಗಿ ಸೇರಿಕೊಂಡಿದೆ. ಕಣ್ಣು ಭೂಮಿಯ ಮೇಲೆ, ಬಲಗೈ ಮಾತ್ರ ಮುಂದೆ ಚಾಚಿ ಆಕಾಶದ ಕಡೆಗೆ. ಆ ಕೈಯಲ್ಲಿ ಮೊಬೈಲಿಗಿಂತ ಗಿಡ್ಡನೆಯ, ನೆತ್ತಿಯಲ್ಲಿ ಪುಟ್ಟ ಗಾಲಿ ಹೊತ್ತ ಒಂದು ಹವಾಮಾಪಕ. ಕೊಲ್ಲಾಪುರದ ಕಡೆಯ ಕಬನೂರಿನ ಆ ಗಲ್ಲಿಯವರಿಗೆ ಈಗ ಇದು ರೂಢಿಯಾಗಿದೆ.

ಮಾಳಿಗೆ ಏರುವಾಗ ಅವರು ಸೀರೆಯ ಮೇಲೆ ತೀರಿಹೋದ ಯಜಮಾನರ ಬಿಳಿ ತುಂಬುತೋಳಿನ ಶರ್ಟು ತೊಟ್ಟುಕೊಳ್ಳುತ್ತಾರೆ. ಬಿಸಿಲಿಗೆಂದು ನೆಪ, ನಿಜಕ್ಕೂ ಆ ಶರ್ಟಿಲ್ಲದೆ ಅವರಿಗೆ ಕೆಲಸ ಸಾಗುವುದಿಲ್ಲ. ಯಾರು ಏನು ಕೇಳಿದರೂ, ಚಹಾ ಕುಡಿಯುತ್ತೀರಾ ಎಂದರೂ ಸಹ, ಮೊದಲು ಬರುವ ಉತ್ತರ ಒಂದೇ: "ತಡೀರಿ, ನೋಡೂಣು." ಕೆಳಗೆ ಮಗ ಮಹಾವೀರನ ಮಗ್ಗಗಳು ಗಡಗಡ ಸದ್ದು ಮಾಡುತ್ತವೆ, ಮೇಲೆ ತಾಯಿಯ ಹಪ್ಪಳಗಳು ಸದ್ದಿಲ್ಲದೆ ಒಣಗುತ್ತವೆ. ಗಾಳಿ ಒಣಗಿದರೆ ಮಗನ ನೂಲು ಕಡಿಯುತ್ತದೆ, ಹಸಿಯಾದರೆ ತಾಯಿಯ ಹಪ್ಪಳ ಕೆಡುತ್ತದೆ. ಒಂದೇ ಮನೆಯ ಮೇಲೂ ಕೆಳಗೂ ಬೇರೆ ಬೇರೆ ಹವೆ ಬೇಡಿಕೊಳ್ಳುವ ಈ ತಾಯಿ-ಮಗನ ನಡುವೆ ದೇವರು ಯಾರ ಮಾತು ಕೇಳಬೇಕೋ ತಿಳಿಯದು.

ಹವಾಮಾಪಕ ಬಂದದ್ದು ಮಗ್ಗದ ಮನೆಗೆ. "ಗಾಳ್ಯಾಗ ನೀರ ಎಷ್ಟ ಐತಿ ಅಂತ ತೋರಸತೈತಿ, ಅವ್ವಾ" ಎಂದು ಮಹಾವೀರ ಬಾಯಿ ತಪ್ಪಿ ಹೇಳಿದ. ಅಂದಿನಿಂದ ಅದು ಅವನ ಕೈಗೆ ಸಿಕ್ಕಿಲ್ಲ. ಏಕೆಂದರೆ ಆ ಮನೆಯ ನೇಮದ ಪ್ರಕಾರ, ಲಟ್ಟಿಸಿದ ಹಪ್ಪಳ ಅದೇ ದಿನ ಹೊತ್ತು ಮುಳುಗುವ ಮೊದಲು ಗರಿಗರಿಯಾಗಿ ಒಣಗಲೇಬೇಕು. ಹಸಿಯಾಗಿ ರಾತ್ರಿ ಕಳೆದರೆ ಅದರಲ್ಲಿ ಸೂಕ್ಷ್ಮ ಜೀವಗಳು ಹುಟ್ಟುತ್ತವೆ. ಆಮೇಲೆ ಅದು ಬಾಯಿಗಲ್ಲ, ಪಾಪಕ್ಕೆ. ಹೀಗಿರುವಾಗ ಸಂಜೆಯ ಹವೆಯನ್ನು ಬೆಳಿಗ್ಗೆಯೇ ಬಲ್ಲ ಯಂತ್ರ ಸಿಕ್ಕರೆ ಯಾವ ಜೈನ ಶ್ರಾವಕಿ ತಾನೇ ಬಿಟ್ಟಾಳು?

ಆ ವರ್ಷ ಅವಸರವೂ ಇತ್ತು. ಗಡಹಿಂಗ್ಲಜದಲ್ಲಿರುವ ಅಣ್ಣನ ಮಗ ಜಿನೇಶನ ಮಗಳು ಸ್ನೇಹಲಳ ಮದುವೆ. ತವರಿನ ಯಾವ ಮದುವೆಯಲ್ಲೂ ತಾಟಿನ ಅಂಚಿನ ಹಪ್ಪಳ ಜಿನಮತಿಯವರ ಕೈಯದೇ. ಕೊಟ್ಟ ಮನೆಯಿಂದ ತವರಿಗೆ ಅವರು ಕಳಿಸುತ್ತ ಬಂದ ಗೌರವ ಅದೊಂದೇ. ಆದರೆ ದಿನಗಳು ಸರಿದವು, ಹಪ್ಪಳದ ಸುದ್ದಿಯಿಲ್ಲ. ಕಡೆಗೆ ಜಿನೇಶ ಫೋನು ಮಾಡಿ ಮೆತ್ತಗೆ ಹೇಳಿದ: "ಆತ್ಯಾ, ತ್ರಾಸ ತಗೋಬ್ಯಾಡ್ರಿ. ಕೊಲ್ಲಾಪುರದಾಗ ಮಶೀನಿನ ಹಪ್ಪಳ ಬೇಕಾದಷ್ಟ ಸಿಗತಾವ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಜಿನಮತಿಯವರಿಗೆ ಮಾತ್ರ ಆ ಮಾತು ನೇರ ಎದೆಗೆ ನಾಟಿತು. ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ.

ಅಡ್ಡಿ ಎಲ್ಲಿತ್ತೆಂದರೆ ಆ ಯಂತ್ರದಲ್ಲಿ. ದಿನಾ ಬೆಳಿಗ್ಗೆ ಜಿನಮತಿಯವರು ಮಾಳಿಗೆಯ ಮೇಲೆ ಅದನ್ನು ಎತ್ತಿ ಹಿಡಿಯುವರು. ದಿನಾ ಅದು ಗಾಳಿ ಸೊನ್ನೆ, ಹಸಿತನ ತೊಂಬತ್ತರ ಮೇಲೆ ಎನ್ನುವುದು. ಉದ್ದಿನ ಹಿಟ್ಟು ಡಬ್ಬಿಯಲ್ಲೇ ಉಳಿಯುವುದು. ನೆರೆಮನೆಯ ಶಾಲನ ಎಂಬ ಹಳೆಯ ಗೆಳತಿ ಲಟ್ಟಣಿಗೆ ಹಿಡಿದು ಬಂದು ಬಂದು ಬೇಸತ್ತಳು. ಒಂದು ಬೆಳಿಗ್ಗೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಅವಳ ಮೋರೆಗೆ ಜಿನಮತಿಯವರ ಸೆರಗು ಹಾರಿ ಬಂದು ಪಟಾರನೆ ಬಡಿಯಿತು.

"ಇವತ್ತೂ ಗಾಳಿ ಇಲ್ಲವ್ವಾ, ಸೊನ್ನಿ" ಎಂದರು ಜಿನಮತಿ, ಯಂತ್ರದಿಂದ ಕಣ್ಣೆತ್ತದೆ.

"ಅಗ್ಗಬಾಯಿ! ಹಂಗಾರ ನನ್ನ ಮಾರಿಗೆ ಹೊಡ್ಯಾಕತ್ತಿದ್ದ ಯಾರs? ನಿನ್ನ ಸೊನ್ನಿ ಏನ?"

ಶಾಲನಳ ನಗೆ ಕೇಳಿ ಸೊಸೆ ರುಪಾಲಿ ಮೇಲೆ ಬಂದಳು, ಅತ್ತೆಯ ಕೈಯನ್ನು ಮೃದುವಾಗಿ ತನ್ನ ಕಡೆ ತಿರುಗಿಸಿಕೊಂಡಳು. ಯಂತ್ರದ ಗಾಲಿಗೆ ನೀರು ಸೋಸುವ ದಪ್ಪ ಬಟ್ಟೆಯ ತುಂಡೊಂದನ್ನು ಎರಡು ಸುತ್ತು ಸುತ್ತಿ ದಾರದಿಂದ ಬಿಗಿಯಲಾಗಿತ್ತು. ಅದೂ ಆಗತಾನೇ ಒಗೆದು ಹಿಂಡಿದ ಒದ್ದೆ ಬಟ್ಟೆ.

"ಅವ್ವಾರ, ಇದ ಯಾಕ ಕಟ್ಟೀರಿ?"

"ಗಾಲಿ ತಿರಗತೈತಲ್ಲ, ರುಪಾಲಿ. ಗಾಳ್ಯಾಗಿನ ಸಣ್ಣ ಹುಳ ಅದರಾಗ ಸಿಕ್ಕ ಸತ್ರ? ನೀರ ಸೋಸತೇವಿ, ಗಾಳಿ ಸೋಸಬಾರದೇನ?"

ಶಾಲನ ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ರುಪಾಲಿ ನಗಲಿಲ್ಲ. ಬಟ್ಟೆ ಗಾಳಿಯನ್ನು ತಡೆಯುತ್ತದೆ, ಅದರ ಒದ್ದೆಯನ್ನೇ ಯಂತ್ರ ಊರಿನ ಹವೆಯೆಂದು ತಿಳಿಯುತ್ತದೆ ಎಂದು ವಿವರಿಸಿದಳು. ಜಿನಮತಿಯವರ ಮುಖ ಸಣ್ಣದಾಯಿತು. ಬಟ್ಟೆ ಬಿಚ್ಚಿದರೆ ಜೀವಹಿಂಸೆಯ ಭಯ, ಬಿಚ್ಚದಿದ್ದರೆ ತವರಿನ ತಾಟು ಬರಿದು.

ಉಪಾಯ ಹೊಳೆದದ್ದು ಅವರಿಗೇ. ಸೂರ್ಯನ ಬೆಳಕಿಗೆ ಎದುರಾಗಿ ನಿಂತು ಗಾಳಿಯಲ್ಲಿ ಒಂದು ನುಸಿಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಾಲಿಯನ್ನು ಒಂದು ಗಳಿಗೆ ತೆರೆದರು. ಸೋಸುವ ಬಟ್ಟೆಯನ್ನು ಮೊದಲೇ ಒಣಗಿಸಿ ಬಿದಿರಿಗೆ ಕಟ್ಟಿ ಪಕ್ಕದಲ್ಲಿ ನಿಲ್ಲಿಸಿದ್ದರು. ಬಟ್ಟೆ ಅರ್ಧ ಎದ್ದಾಗ ಯಂತ್ರ ಏನು ತೋರಿಸುತ್ತದೆ, ಪೂರ್ತಿ ಎದ್ದು ಪಟಪಟ ಹೊಡೆದಾಗ ಏನು ತೋರಿಸುತ್ತದೆ ಎಂದು ನೋಡಿಕೊಂಡು, ಗಾಲಿಯ ಮೇಲೆ ಮತ್ತೆ ಹೆಬ್ಬೆರಳಿಟ್ಟು ನಿಲ್ಲಿಸಿಬಿಟ್ಟರು. ಅಲ್ಲಿಂದಾಚೆಗೆ ಗಾಳಿಯ ವೇಗ ಹೇಳುವುದು ಬಟ್ಟೆಯ ಕೆಲಸ, ಬಿಸಿಲು ಮತ್ತು ಹಸಿತನ ಹೇಳುವುದು ಯಂತ್ರದ ಕೆಲಸ.

ಆದರೂ ಮರುದಿನ ಬೆಳಿಗ್ಗೆ ಹಸಿತನ ಎಂಬತ್ತು ಕಂಡು ಜಿನಮತಿಯವರು ಹಿಟ್ಟಿನ ಡಬ್ಬಿಯನ್ನು ಮತ್ತೆ ಮುಚ್ಚಹೊರಟರು. ಮಹಾವೀರ ಮೇಲೆ ಬಂದು ಸಮಾಧಾನ ಹೇಳಿದ: "ಅವ್ವಾ, ಮುಂಜಾನಿ ಗಾಳಿ ಥಂಡ ಇರತೈತಿ, ಸ್ವಲ್ಪ ನೀರಿಗೇ ಹೊಟ್ಟಿ ತುಂಬತೈತಿ. ಬಿಸಲ ಏರಿದಂಗ ಅಷ್ಟs ನೀರ ಇದ್ರೂ ಈ ಅಂಕಿ ಇಳೀತೈತಿ. ನೀ ಕೆಳಗಿನ ಇಬ್ಬನಿ ಅಂಕಿ ನೋಡು, ಗಾಳಿ ಎಷ್ಟ ಥಂಡ ಆದ್ರ ಇಬ್ಬನಿ ಬೀಳತೈತಿ ಅಂತ ಅದು ಹೇಳತೈತಿ. ಅದಕ್ಕೂ ಬಿಸಲಿನ ಅಂಕಿಗೂ ನಡುವ ದೂರ ಇದ್ದಷ್ಟ ಛಲೋ."

ಜಿನಮತಿ ಎರಡೂ ಅಂಕಿಗಳ ಮೇಲೆ ಬೆರಳಾಡಿಸಿದರು. "ಅಂದ್ರ ಬಿಸಿ ಗಾಳಿಗೆ ನೀರಡಿಕಿ ಜಾಸ್ತಿ. ಹಂಗ ಹೇಳಬಾರದೇನಪಾ?"

ಮಹಾವೀರ ತಲೆಯಾಡಿಸಿದ. ಅಷ್ಟು ಸುಲಭವಾಗಿ ಹೇಳಲು ಅವನಿಗೆ ಬಂದಿರಲಿಲ್ಲ.

ಅಂದೇ ಗಲ್ಲಿಯ ಹೆಂಗಸರೆಲ್ಲ ಮಾಳಿಗೆಯಲ್ಲಿ ಸೇರಿದರು. ಹಿಟ್ಟು ಕುಟ್ಟಿದರು, ಉಂಡೆ ಕಟ್ಟಿದರು, ಸೀರೆಗಳ ಮೇಲೆ ಹಪ್ಪಳ ಹರಡಿದವು. ಸಾಮಾನು ಒಯ್ಯಲು ಮರುದಿನವೇ ಗಡಹಿಂಗ್ಲಜದಿಂದ ಗಾಡಿ ಬರುವುದಿತ್ತು. ಇಂದು ಬಿಟ್ಟರೆ ಇನ್ನೊಂದು ದಿನವಿರಲಿಲ್ಲ. ಮಧ್ಯಾಹ್ನದವರೆಗೆ ಅಂಕಿ ಇಳಿಯಿತು, ಬಟ್ಟೆ ಪಟಪಟ ಹೊಡೆಯಿತು. ಆಮೇಲೆ ಬಟ್ಟೆ ಜೋಲಿತು. ಯಂತ್ರದಲ್ಲಿ ಹಸಿತನ ಮೆಲ್ಲಗೆ ಏರತೊಡಗಿತು, ಬಿಸಿಲೂ ಇಬ್ಬನಿಯೂ ಒಂದಕ್ಕೊಂದು ಹತ್ತಿರವಾಗತೊಡಗಿದವು.

"ತಡೀರಿ, ನೋಡೂಣು" ಎಂದರು ಜಿನಮತಿ. ನೋಡಿದರು. "ಗಾಳಿಗೆ ನೀರಡಿಕಿ ಮುಗೀತ. ಲಟ್ಟಣಿಗಿ ಕೆಳಗಿಡ್ರಿ."

"ಆಕಾಶ ನಿಚ್ಚಳ ಐತಿ, ಹಿಟ್ಟ ಇನ್ನೂ ಅರ್ಧಾ ಉಳದೈತಿ!" ಶಾಲನ ಚೀರಿದಳು. "ಮದುವೀಗಿ ಸಾಲೂದಿಲ್ಲ, ಜಿನಮತಿ!"

"ಈಗ ಲಟ್ಟಿಸಿದ್ದ ಹೊತ್ತ ಮುಳಗೂದರಾಗ ಒಣಗೂದಿಲ್ಲ. ಹುಡಿಗಿ ಮದುವ್ಯಾಗ ನಾ ಪಾಪ ಬಡಸೂದಿಲ್ಲ."

ಹೇಳುವಾಗ ಅವರ ಕಣ್ಣು ತುಂಬಿತ್ತು. ಉಳಿದ ಹಿಟ್ಟಿಗೆ ಎಣ್ಣೆ ಹಚ್ಚಿ ಸಂಜೆಯೊಳಗೆ ಗಲ್ಲಿಯವರೂ ಮಗ್ಗದ ಕೆಲಸಗಾರರೂ ತಿಂದು ಮುಗಿಸಿದರು. ಎಲ್ಲರೂ ಬೆರಳು ನೆಕ್ಕಿದರು, ಜಿನಮತಿ ಒಬ್ಬರೇ ಮುಟ್ಟಲಿಲ್ಲ. ಹರಡಿದ್ದ ಹಪ್ಪಳಗಳನ್ನು ಒಳಗೆ ತಂದಾಗ ಒಂದೊಂದೂ ಖಣಖಣ ಎನ್ನುತ್ತಿತ್ತು. ಕತ್ತಲಾಗುವ ಮೊದಲೇ ಗುಡುಗು ಬಂತು, ಆಮೇಲೆ ಮಳೆ ಬಂತು. ಜಿನಮತಿ ಫೋನು ತೆಗೆದುಕೊಂಡು ಜಿನೇಶನಿಗೆ, "ಅರ್ಧಾ ಅಷ್ಟs ಆಗ್ಯಾವ, ಉಳದದ್ದ ಕೊಲ್ಲಾಪುರದಿಂದ ತರಸ್ಕೋ" ಎಂದು ಹೇಳಿ, ಅವನ ಮಾತು ಕೇಳದೆ ಇಟ್ಟುಬಿಟ್ಟರು.

ಮದುವೆಯ ಪಂಕ್ತಿಯಲ್ಲಿ ಅವರು ತಲೆ ಬಗ್ಗಿಸಿಯೇ ಕುಳಿತಿದ್ದರು. ತಾಟಿಗೆ ಬಂದದ್ದು ಅರ್ಧ ಹಪ್ಪಳ. ಪಕ್ಕದ ತಾಟು ನೋಡಿದರು, ಅರ್ಧ; ಎದುರಿನ ಸಾಲು ನೋಡಿದರು, ಬೀಗರ ತಾಟಿನಲ್ಲೂ ಅರ್ಧ. ಬಡಿಸುತ್ತಿದ್ದವನು ಜಿನೇಶನೇ.

"ಕೊಲ್ಲಾಪುರದ್ದ ತರಸಲಿಲ್ಲೇನೋ?"

"ಇಲ್ರಿ ಆತ್ಯಾ. ಮಂದಿಗೆ ಹೇಳೇನಿ, ನಮ್ಮ ಆತ್ಯಾನ ಹಪ್ಪಳ ಅರ್ಧಾನs ಪೂರ್ತಿ ಅಂತ."

ಬೀಗರಲ್ಲಿ ಹಿರಿಯರೊಬ್ಬರು ಕುರುಕುರು ಜಗಿಯುತ್ತ ಇನ್ನೊಂದು ಚೂರು ಕೇಳಿದರು. ಜಿನಮತಿಯವರ ಕತ್ತು, ಬಹುಶಃ ವರ್ಷಗಳ ನಂತರ, ನೆಟ್ಟಗಾಯಿತು. "ಇನ್ನಷ್ಟ ಬೇಕಂದ್ರ ನನಗಲ್ರಿ, ಗಾಳಿಗೆ ಕೇಳ್ರಿ!" ಎಂದು ಪಂಕ್ತಿಯೆಲ್ಲ ನಗುವಂತೆ ಹೇಳಿ ತಮ್ಮ ಅರ್ಧ ಹಪ್ಪಳವನ್ನು ಮುರಿದರು.

ಇಂಥವರನ್ನು ಕಂಡು ನಗುವುದು ಸುಲಭ, ನಕ್ಕರೆ ಅವರಿಗೇನೂ ಬೇಸರವಿಲ್ಲ, ಸ್ವಲ್ಪ ತಡವಾಗಿ ಅವರೂ ನಗುತ್ತಾರೆ. ಹೊಸ ಯಂತ್ರ ಬಂದಾಗ ಹಳೆಯ ನೇಮವನ್ನು ಬಿಸಾಡುವವರುಂಟು, ನೇಮ ಹಿಡಿದು ಯಂತ್ರವನ್ನು ದೂಡುವವರೂ ಉಂಟು. ಇವರು ಎರಡನ್ನೂ ಒಂದೇ ಮಾಳಿಗೆಯ ಮೇಲೆ ನಿಲ್ಲಿಸಿ, ತಡೀರಿ ನೋಡೂಣು ಎಂದು ನಿಜಕ್ಕೂ ನೋಡುತ್ತಾರೆ. ನೋಡಿದ್ದು ತಮ್ಮ ಆಸೆಗೆ ವಿರುದ್ಧವಾಗಿದ್ದರೂ ಲಟ್ಟಣಿಗೆ ಕೆಳಗಿಡುತ್ತಾರೆ. ಅವರು ಬಡಿಸುವುದು ಎಷ್ಟೋ ಸಲ ಅರ್ಧವೇ, ಆದರೆ ಆ ಅರ್ಧವನ್ನು ಕಣ್ಣು ಮುಚ್ಚಿ ತಿನ್ನಬಹುದು.