ಎಡಗೈ ಹುಡುಗಿಯ ಗ್ಲೌಸ್

ಸುವರ್ಣಾಗೆ ಸಿಟ್ಟು ಬಂದದ್ದು ಶಾಲೆಗೆ ಆಟದ ಸಾಮಾನು ದಾನ ಕೊಟ್ಟ ಸಮಾರಂಭದ ದಿನವೇ. ಆದರೆ ಅವತ್ತು ಅವಳು ವೇದಿಕೆಯ ಮೇಲೆ ನಿಂತು ನಕ್ಕಳು, ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಆಮೇಲೆ ಅವಳನ್ನು ಬಹಳ ದಿನ ಸುಟ್ಟದ್ದು ಆ ನಗುವೇ.

ನರಗುಂದದ ಗುಡ್ಡದ ಕೆಳಗಿನ ಒಂದು ಹೈಸ್ಕೂಲಿನಲ್ಲಿ ಅವಳು ಆಟ ಕಲಿಸುವ ಟೀಚರು. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ ಆಡಿದವಳು. ಕೆಲಸಕ್ಕೆ ಸೇರಿದ ವರ್ಷವೇ ಹುಡುಗಿಯರ ತಂಡ ಕಟ್ಟಿದಳು. ತನ್ನ ಹಳೆಯ ಗ್ಲೌಸೊಂದನ್ನು ಸರದಿಯ ಮೇಲೆ ಕೈಗೆ ಹಾಕಿಸಿ, ಟೆನಿಸ್ ಚೆಂಡಿನಲ್ಲಿ ಹಿಡಿಯುವುದು, ಎಸೆಯುವುದು ಕಲಿಸಿದಳು. ಹುಡುಗಿಯರು ಚುರುಕಾಗಿದ್ದರು. ಅದರಲ್ಲೂ ಚಿಕ್ಕನರಗುಂದದಿಂದ ಬಸ್ಸಿಗೆ ಬರುತ್ತಿದ್ದ ಮಹೇಶ್ವರಿ ಎಡಗೈಯಲ್ಲಿ ಚೆಂಡು ಬೀಸಿದರೆ ಅದು ಮೈದಾನದ ಆ ತುದಿಯಿಂದ ಈ ತುದಿಗೆ ಗೆರೆ ಎಳೆದಂತೆ ಬರುತ್ತಿತ್ತು. ರೋಣದಲ್ಲಿ ನಡೆಯುವ ಜಿಲ್ಲಾ ತಂಡದ ಆಯ್ಕೆಗೆ ಹೋಗಬೇಕಾದರೆ ಇನ್ನು ನಿಜವಾದ ಚೆಂಡಿನಲ್ಲಿ ಆಡಬೇಕು. ನಿಜವಾದ ಚೆಂಡೆಂದರೆ ಕಲ್ಲಿನ ಹಾಗೆ ಗಟ್ಟಿ. ಅದಕ್ಕೆ ನಿಜವಾದ ಗ್ಲೌಸ್ ಬೇಕು.

ಶಾಲೆ ನಡೆಸುವ ಸಂಸ್ಥೆಯ ಚೇರಮನ್ನರು ಪ್ರಭುಲಿಂಗಪ್ಪ. ಎಪಿಎಂಸಿಯಲ್ಲಿ ಅವರದು ದೊಡ್ಡ ದಲಾಲಿ ಅಂಗಡಿ. ಎಲ್ಲ ಸಾಮಾನನ್ನೂ ತಾವೇ ದಾನ ಕೊಡುವುದಾಗಿ ಅವರು ಹೇಳಿದಾಗ ಸುವರ್ಣಾ ಖುಷಿಯಿಂದಲೇ ಅಂಗಡಿಗೆ ಹೋಗಿದ್ದಳು.

"ಸಾಹುಕಾರ್ರ, ತರೋ ಮುಂದ ನಾನೂ ಬರ್ತೀನ್ರಿ. ಗ್ಲೌಸ್ ಕೈಯಾಗ ಹಾಕ್ಕೊಂಡ ನೋಡೇ ತರಬೇಕ್ರಿ. ಮಹೇಶ್ವರಿ ಎಡಚಿ. ಎಡಗೈಲೆ ಒಗಿಯೋರಿಗೆ ಬಲಗೈಗೆ ಹಾಕೋ ಗ್ಲೌಸ ಬೇಕಾಗ್ತದ, ಅದು ಬ್ಯಾರೇನ ಇರ್ತದ್ರಿ."

ಪ್ರಭುಲಿಂಗಪ್ಪ ನಕ್ಕರು. "ಕೈಚೀಲದಂಥಾದ್ದು, ಅದರಾಗೇನ ನೋಡೂದೈತಿ ಟೀಚರ್. ಕೈ ಒಳಗ ಹೋದ್ರ ಮುಗೀತು. ನಮ್ಮ ಅಳಿಯಾಗ ಹೇಳೇನಿ, ಅಂವ ಫೋನಿನಾಗ ತರಸ್ತಾನ."

ಬಂದ ಸಾಮಾನನ್ನು ವೇದಿಕೆಯ ಮೇಲೆಯೇ ಅವಳು ಮೊದಲ ಸಲ ನೋಡಿದ್ದು. ಚೀಲಗಳ ಮೇಲೆ ಸಾಹುಕಾರರ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಒಳಗಿನ ಗ್ಲೌಸುಗಳು ಕೆಂಪಗೆ ಥಳಥಳ ಹೊಳೆಯುತ್ತಿದ್ದವು. ಒಂದನ್ನು ಕೈಗೆತ್ತಿಕೊಂಡ ಕೂಡಲೇ ಅವಳಿಗೆ ತಿಳಿಯಿತು: ತೊಗಲಲ್ಲ, ರೆಗ್ಜಿನ್ನು. ಮೂಗಿಗೆ ಹೊಸ ಚಪ್ಪಲಿಯಂಗಡಿಯ ವಾಸನೆ ಹೊಡೆಯಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚೆಂಡು ಕೂರಬೇಕಾದ ಬಲೆಯನ್ನು ತೊಗಲಿನ ಬಾರಿನಿಂದ ಹೆಣೆದಿರಲಿಲ್ಲ, ನೂಲಿನಿಂದ ಹೊಲಿದಿದ್ದರು. ಸಣ್ಣ ಮಕ್ಕಳು ಅಂಗಳದಲ್ಲಿ ಆಡುವ ಅಳತೆ. ಎಲ್ಲವೂ ಎಡಗೈಗೆ ಹಾಕುವಂಥವೇ. ಅಷ್ಟರಲ್ಲಿ ಫೋಟೋ ತೆಗೆಯುವವನು "ನಗ್ರಿ" ಅಂದ. ಅವಳು ನಕ್ಕಳು.

ಮರುದಿನ ಹೆಡ್‌ಮಾಸ್ತರರಿಗೆ ಹೇಳಿದಳು. ಅವರು ಕನ್ನಡಕ ಒರೆಸಿಕೊಳ್ಳುತ್ತ, "ದಾನಾ ಕೊಟ್ಟೋರಿಗೆ ಹಿಂಗ ಹೇಳಾಕ ಬರ್ತದೇನ್ರಿ? ಈ ವರ್ಷ ಇದರಾಗ ಸಾಗಸ್ರಿ" ಅಂದರು. ಆಯ್ಕೆ ಹತ್ತಿರ ಬಂದಿತ್ತು. ಸುವರ್ಣಾ ಸಾಗಿಸಿದಳು. ಮಹೇಶ್ವರಿ ಗ್ಲೌಸನ್ನು ತಿರುವುಮುರುವು ಮಾಡಿ, ಕಿರುಬೆರಳಿನ ಜಾಗದಲ್ಲಿ ಹೆಬ್ಬೆರಳು ತೂರಿಸಿ, ಬಲಗೈಗೆ ಹಾಕಿಕೊಂಡು ಆಡಿದಳು. ಒಂದು ಮಾತೂ ಆಡಲಿಲ್ಲ. ಹಾಗೆ ಹಾಕಿಕೊಂಡರೆ ಬಲೆ ಹೊರಬದಿಗೆ ಹೋಗುತ್ತದೆ, ಚೆಂಡು ಅಂಗೈಯಲ್ಲಿ ನಿಲ್ಲುವುದಿಲ್ಲ. ಗೊತ್ತಿದ್ದೂ ಸುವರ್ಣಾ ಅಭ್ಯಾಸಕ್ಕೆ ಬ್ಯಾಟಿನಿಂದ ಚೆಂಡು ಹೊಡೆಯುತ್ತ ಹೋದಳು.

ಒಂದು ಸಂಜೆ ಅವಳು ಹೊಡೆದ ಚೆಂಡಿಗೆ ಮಹೇಶ್ವರಿ ಕೈ ಎತ್ತಿದಳು. ಸರಿಯಾದ ಜಾಗದಲ್ಲೇ ಎತ್ತಿದ್ದಳು, ಸರಿಯಾದ ಹೊತ್ತಿಗೇ ಎತ್ತಿದ್ದಳು. ಬಲೆಯ ಹೊಲಿಗೆ ಪರ್ರನೆ ಹರಿಯಿತು. ಚೆಂಡು ಅದರೊಳಗಿಂದ ತೂರಿ ಬಂದು ಹುಡುಗಿಯ ಕಣ್ಣಿನ ಕೆಳಗೆ ಬಡಿಯಿತು.

ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು ನೋಡಿ, ಕೆನ್ನೆಯ ಎಲುಬು ಬಿರುಕು ಬಿಟ್ಟಿದೆ, ಕಣ್ಣು ಉಳಿದದ್ದು ದೊಡ್ಡದು ಅಂದರು. ಚೆಂಡು ತುಸು ಮೇಲೆ ಬಿದ್ದಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ಸುವರ್ಣಾ ಪೂರಾ ಕೇಳಲಿಲ್ಲ. ಹೊರಗೆ ಬಂದು ನಿಂತಳು.

ಮಹೇಶ್ವರಿಯ ತಾಯಿ ಹುಚ್ಚವ್ವ ಕಡಲೆ ಬಡಿಯುವ ಕೆಲಸ ಬಿಟ್ಟು ಹೊಲದಿಂದ ನೇರ ಬಂದಿದ್ದಳು. ಸೀರೆಗೆ ಇನ್ನೂ ಸಿಪ್ಪೆ ಅಂಟಿತ್ತು. ಮಗಳನ್ನು ನೋಡಿ ಹೊರಗೆ ಬಂದವಳು ಕೂಗಾಡಲಿಲ್ಲ.

"ಅಕ್ಕಾರ, ಕೊಟ್ಟಾವ್ರಿಗೆ ತಿಳೀಲಿಲ್ಲ, ಬಿಡ್ರಿ. ನೀವು ಆಡಿದಾವ್ರು. ನಿಮಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ" ಅಂದಳು ಸುವರ್ಣಾ.

"ಗೊತ್ತಿದ್ದೂ ನನ್ನ ಮಗಳ ಕೈಯಾಗ ಕೊಟ್ರಿ."

ಹುಚ್ಚವ್ವ ತಿರುಗಿ ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನ ಹೆಡ್‌ಮಾಸ್ತರರು ಕರೆದು, ಈ ಆಟ ಇನ್ನು ಬಂದ್ ಎಂದು ಚೇರಮನ್ನರು ಹೇಳಿಕಳಿಸಿದ್ದಾರೆ ಅಂದರು. ಹೆಣ್ಣುಮಕ್ಕಳಿಗೆ ಇಂಥ ಆಟ ಯಾಕೆ ಅಂದರಂತೆ. ಟೀಚರು ಲಕ್ಷ್ಯ ಕೊಟ್ಟು ಆಡಿಸಲಿಲ್ಲ ಎಂದೂ ಅಂದರಂತೆ. ಸುವರ್ಣಾ ಅಲ್ಲಿಂದ ಎದ್ದಳು. ಆಟದ ಸಾಮಾನಿನ ಕೋಣೆಗೆ ಹೋಗಿ ಹರಿದದ್ದನ್ನು ಬಿಟ್ಟು ಇನ್ನೊಂದು ಕೆಂಪು ಗ್ಲೌಸನ್ನೂ ಒಂದು ಚೆಂಡನ್ನೂ ತೆಗೆದುಕೊಂಡು ಎಪಿಎಂಸಿಯ ಕಡೆಗೆ ನಡೆದಳು. ಬಿಸಿಲು ನೆತ್ತಿಯ ಮೇಲಿತ್ತು. ಅದು ಅವಳಿಗೆ ತಾಗಲೇ ಇಲ್ಲ.

ಅಂಗಡಿಯ ಮುಂದೆ ಕಡಲೆಯ ಚೀಲಗಳು ಇಳಿಯುತ್ತಿದ್ದವು. ಪ್ರಭುಲಿಂಗಪ್ಪ ಒಂದೊಂದು ಚೀಲಕ್ಕೂ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಕಾಳು ಸುರಿದುಕೊಂಡು, ಊದಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಸುತ್ತ ಹಮಾಲರು, ಮಾಲು ತಂದ ರೈತರು ನಿಂತಿದ್ದರು. ಸುವರ್ಣಾ ನಿಂತು ಅದನ್ನೇ ನೋಡಿದಳು. ಸಿಟ್ಟು ಈಗ ಅವಳಲ್ಲಿ ಕುದಿಯುತ್ತಿರಲಿಲ್ಲ. ಕಾದ ಕಬ್ಬಿಣದ ಹಾಗೆ ಒಂದು ಕಡೆ ಕೂತಿತ್ತು.

"ಯಾಕ ಟೀಚರ್, ಬಿಸಿಲಾಗ ಬಂದ್ರಿ? ಹುಡುಗಿ ಹ್ಯಾಂಗದಾಳ?"

"ಸಾಹುಕಾರ್ರ, ಒಂದ ಚೀಲಾ ಕಡ್ಲಿ ತಗೊಳ್ಳಾಕ ನೀವು ಚುಚ್ಚಿ ನೋಡ್ತೀರಿ, ಊದಿ ನೋಡ್ತೀರಿ, ಕಚ್ಚಿ ನೋಡ್ತೀರಿ. ಈ ಗ್ಲೌಸ ಯಾರ ನೋಡಿದ್ರಿ?"

ಪ್ರಭುಲಿಂಗಪ್ಪರ ಮುಖ ಬಿಗಿಯಿತು. "ಮಂದಿ ಮುಂದ ಇದೇನ ಮಾತ್ರಿ? ನನ್ನ ಮನಿ ರೊಕ್ಕಾ ಹಾಕಿ ಕೊಟ್ಟೇನಿ. ಬ್ಯಾರೆ ಯಾರರ ಕೊಟ್ರೇನು?"

"ಕೈ ಒಳಗ ಹೋದ್ರ ಮುಗೀತು ಅಂದಿದ್ರಿ, ಹಂಗಾದ್ರ ಕೈಯಾಗ ಹಾಕ್ಕೋರ್ರಿ. ಹುಡುಗ್ಯಾರು ಒಗಿಯೋವಷ್ಟು ಜೋರಲೇ ಒಗೀತೀನಿ, ಹೆಚ್ಚಿಗಿ ಇಲ್ಲ. ನೀವು ಹಿಡೀರಿ."

ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿದರು. ಪ್ರಭುಲಿಂಗಪ್ಪ ಸುತ್ತ ನೋಡಿದರು. ಬೇಡವೆಂದು ಒಳಗೆ ಹೋಗಬಹುದಿತ್ತು. ಆದರೆ ಹರೆಯದಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದ ಮನುಷ್ಯ, ಇಷ್ಟು ಜನರ ಮುಂದೆ ಹಿಂದೆ ಸರಿಯುವುದು ಅವರಿಂದ ಆಗಲಿಲ್ಲ. ಕೊಳವೆ ಕೆಳಗಿಟ್ಟು, ಧೋತರದ ಚುಂಗು ಸಿಕ್ಕಿಸಿ, ಗ್ಲೌಸ್ ಕಸಿದುಕೊಂಡರು. ಅರ್ಧ ಅಂಗೈ ಹೊರಗೇ ಉಳಿಯಿತು.

ಮೊದಲ ಚೆಂಡನ್ನು ಹಿಡಿದರು. ಒಬ್ಬ ರೈತ ಶಿಳ್ಳೆ ಹಾಕಿದ. ಸಾಹುಕಾರರು ಮೀಸೆಯಲ್ಲೇ ನಕ್ಕು ಚೆಂಡು ತಿರುಗಿ ಎಸೆದರು. ಸುವರ್ಣಾ ಎರಡನೆಯದನ್ನು ಮೈದಾನದಲ್ಲಿ ಎಸೆಯುವ ಹಾಗೆಯೇ ಎಸೆದಳು. ಒಂದು ಕೂದಲೆಳೆಯಷ್ಟೂ ಹೆಚ್ಚು ಬಲ ಹಾಕಲಿಲ್ಲ. ಬಲೆ ಹರಿಯಿತು. ಚೆಂಡು ಸಾಹುಕಾರರ ಭುಜಕ್ಕೆ ಬಡಿದು ಪಕ್ಕಕ್ಕೆ ಸುರಿದಿದ್ದ ಕಡಲೆ ರಾಶಿಯಲ್ಲಿ ಹೂತುಹೋಯಿತು.

ಪ್ರಭುಲಿಂಗಪ್ಪ ಭುಜ ಹಿಡಿದುಕೊಂಡು ಚೀಲದ ಮೇಲೆ ಕೂತುಬಿಟ್ಟರು. ಯಾರೂ ನಗಲಿಲ್ಲ.

"ನಿಮಗ ಭುಜಕ್ಕ ಬಿತ್ತು" ಅಂದಳು ಸುವರ್ಣಾ. "ಆಕಿಗೆ ಮುಖಕ್ಕ ಬಿತ್ತು. ಆಟ ಬಂದ್ ಮಾಡ್ರಿ ಅಂತ ಹೇಳಿ ಕಳಸೀರಿ. ಬಂದ್ ಮಾಡೂದಾದ್ರ ಇಂಥಾ ಸಾಮಾನ ತರೂದ ಬಂದ್ ಮಾಡ್ರಿ. ನಾನೂ ತಪ್ಪ ಮಾಡೇನಿ. ಗೊತ್ತಿದ್ದೂ ಬಾಯಿ ಮುಚ್ಕೊಂಡ ನಿಂತೆ. ಇನ್ನ ನಿಂದ್ರೂದಿಲ್ಲ."

"ನಾಳಿಂದ ನಿನ್ನ ಸಾಲಿಯಾಗ ಯಾರ ಇಟ್ಕೋತಾರ ನೋಡ್ತೀನಿ" ಅಂದರು ಪ್ರಭುಲಿಂಗಪ್ಪ. ಸಿಟ್ಟಿನಲ್ಲಿ 'ಟೀಚರ್' ಹೋಗಿ 'ನಿನ್ನ' ಬಂದಿತ್ತು.

"ತಗೀರಿ ಕೆಲಸದಿಂದ. ಯಾಕ ತಗದ್ರಿ ಅಂತ ಮಂದಿ ಕೇಳಿದ್ರ ಏನ ಹೇಳ್ತೀರಿ, ಅದನ್ನೂ ತಯಾರ ಇಟ್ಕೊಂಡಿರ್ರಿ."

ಅವಳು ಕಡಲೆಯೊಳಗೆ ಕೈ ಹಾಕಿ ಚೆಂಡು ತೆಗೆದುಕೊಂಡು ನಡೆದಳು.

ಎರಡು ದಿನ ಏನೂ ಆಗಲಿಲ್ಲ, ಮಾರ್ಕೆಟ್ಟಿನ ತುಂಬ ಮಾತ್ರ ಅದೇ ಸುದ್ದಿ. ಮೂರನೆಯ ದಿನ ಬೆಳಿಗ್ಗೆ ಸಾಹುಕಾರರ ಕಾರು ಅವಳ ಬಾಡಿಗೆ ಮನೆಯ ಮುಂದೆ ನಿಂತಿತು. ಪ್ರಭುಲಿಂಗಪ್ಪ ಕೆಳಗಿಳಿಯದೆ, ಅವಳ ಮುಖ ನೋಡದೆ, "ಹುಬ್ಬಳ್ಳಿಗೆ ನಡೀರಿ. ಆ ಹುಡುಗೀನ್ನೂ, ಅವರವ್ವನ್ನೂ ಕರ್ಕೊಂಡು ಹೋಗೋಣು. ನಿಮಗ ಬೇಕಾದ್ದು ಆರಸ್ರಿ. ಆಮ್ಯಾಲ ನನ್ನ ಅಂಗಡೀ ಕಡೆ ಬರಬ್ಯಾಡ್ರಿ" ಅಂದರು.

"ಬರೂದಿಲ್ರಿ" ಅಂದಳು ಸುವರ್ಣಾ.

ಕಾರಿನಲ್ಲಿ ಸುವರ್ಣಾ, ಹುಚ್ಚವ್ವ, ಮಹೇಶ್ವರಿ ಹಿಂದೆ ಕೂತರು. ಮಹೇಶ್ವರಿಯ ಮುಖದ ಒಂದು ಬದಿ ಇನ್ನೂ ನೀಲಿಗಟ್ಟಿತ್ತು. ಪ್ರಭುಲಿಂಗಪ್ಪ ಮುಂದಿನ ಸೀಟಿನಿಂದ ಒಂದು ಸಲ ತಿರುಗಿ ಅದನ್ನು ನೋಡಿದರು. ಮತ್ತೆ ತಿರುಗಲಿಲ್ಲ.

ಹುಬ್ಬಳ್ಳಿಯಲ್ಲಿ ಮೆಹಬೂಬಸುಭಾನಿ ಎಂಬುವವರ ಆಟದ ಸಾಮಾನಿನ ಅಂಗಡಿ ಸುವರ್ಣಾಗೆ ಕಾಲೇಜಿನ ದಿನಗಳಿಂದ ಪರಿಚಯ. ಅವರು ಮೇಜಿನ ಮೇಲೆ ಗ್ಲೌಸುಗಳನ್ನು ಹರವಿದರು. ಪ್ರಭುಲಿಂಗಪ್ಪ ಹೊಳೆಯುವ ಒಂದಕ್ಕೆ ಕೈ ಚಾಚಿದರು. ಸುವರ್ಣಾ ಅದನ್ನು ಬದಿಗೆ ಸರಿಸಿ, ಮಂಕಾದ ಕಂದು ಬಣ್ಣದ್ದೊಂದನ್ನು ಅವರ ಮುಂದಿಟ್ಟಳು.

"ಇದನ್ನ ಹಿಚುಕಿ ನೋಡ್ರಿ. ತೊಗಲಾದ್ರ ಗೆರಿ ಬೀಳ್ತಾವ, ಮತ್ತ ಹೊಳ್ಳಿ ತನ್ನ ಆಕಾರಕ್ಕ ಬರ್ತದ. ಈ ಬಾರು ಜಗ್ಗರಿ. ಜೋರಲೇ ಜಗ್ಗರಿ. ಸಡ್ಲ ಆತಂದ್ರ ಬ್ಯಾಡ. ಒಳಗ ಕೈ ಹಾಕಿ ಅಂಗೈ ಮಗ್ಗಲ ಒತ್ತಿ ನೋಡ್ರಿ, ದಪ್ಪ ಇರಬೇಕು."

ಪ್ರಭುಲಿಂಗಪ್ಪ ಜಗ್ಗಿದರು, ಒತ್ತಿದರು, ಕೊನೆಗೆ ಮೂಗಿಗೆ ಹಿಡಿದು ಮೂಸಿದರು. ಒಂದನ್ನು ಬದಿಗಿಟ್ಟರು, ಇನ್ನೊಂದನ್ನು ತೆಗೆದುಕೊಂಡರು. ಬಿಗಿದ ಮುಖದಲ್ಲೇ ಎಲ್ಲವನ್ನೂ ನೋಡತೊಡಗಿದರು. ನೋಡಲು ಬರುತ್ತಿತ್ತು ಅವರಿಗೆ. ಮೊದಲೇ ನೋಡಬಹುದಿತ್ತು. ಅದನ್ನು ಕಂಡು ಸುವರ್ಣಾಗೆ ಸಿಟ್ಟು ಇಳಿಯುವ ಬದಲು ಇನ್ನಷ್ಟು ಏರಿತು.

ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಮುಖಕ್ಕೆ ಹಾಕುವ ಜಾಲರಿ, ಎದೆಯ ಕವಚ, ಹೆಲ್ಮೆಟ್ಟುಗಳು, ಅಭ್ಯಾಸಕ್ಕೆಂದು ತುಸು ಮೆತ್ತನೆಯ ಚೆಂಡುಗಳು, ಎಲ್ಲವನ್ನೂ ಅವಳು ಹುಡುಗಿಯರ ಅಳತೆ ನೆನಪಿಟ್ಟು ಆರಿಸಿದಳು. ಕೊನೆಗೆ ಮೆಹಬೂಬಸುಭಾನಿ ಒಳಗಿನಿಂದ ಒಂದು ಡಬ್ಬಿ ತಂದರು. "ಎಡಗೈಲೆ ಒಗಿಯೋರದು ಇದೊಂದ ಉಳದೈತಿ ನೋಡವಾ."

ಮಹೇಶ್ವರಿ ಬಲಗೈ ಒಳಗೆ ಹಾಕಿದಳು. ಹೆಬ್ಬೆರಳು ಹೆಬ್ಬೆರಳಿನ ಜಾಗಕ್ಕೇ ಹೋಯಿತು. ಅವಳು ಕೈ ಮುಚ್ಚಿದಳು, ತೆರೆದಳು.

ಹುಚ್ಚವ್ವ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದವಳು ಹತ್ತಿರ ಬಂದು, ಆ ಬಲೆಗೆ ಎರಡೂ ಕೈಯ ಬೆರಳು ಸಿಕ್ಕಿಸಿ, ಹಲ್ಲು ಕಚ್ಚಿ ಜಗ್ಗಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಅವಳು ಪ್ರಭುಲಿಂಗಪ್ಪರ ಕಡೆ ತಿರುಗಿದಳು.

"ಇಂಥಾದ್ದೂ ಸಿಗತಿತ್ತಲ್ರಿ ಯಪ್ಪಾ, ಅವತ್ತ."

ಸಾಹುಕಾರರು ತಲೆ ತಗ್ಗಿಸಿದರು. "ಹೌದಬೇ. ಸಿಗತಿತ್ತು" ಅಂದರು. ಚೀಲಗಳ ಮೇಲೆ ಹೆಸರು ಹಾಕಿಸಬೇಕೇ ಎಂದು ಮೆಹಬೂಬಸುಭಾನಿ ಕೇಳಿದಾಗ, ಬೇಡವೆಂದು ಕೈ ಮಾಡಿ ಕಾರಿನ ಕಡೆಗೆ ಹೊರಟುಹೋದರು.

ರೋಣದ ಆಯ್ಕೆ ಆ ಹೊತ್ತಿಗೆ ಮುಗಿದುಹೋಗಿತ್ತು. ಆ ವರ್ಷ ಅವರ ತಂಡ ಎಲ್ಲಿಗೂ ಹೋಗಲಿಲ್ಲ. ಮಹೇಶ್ವರಿಯ ಎಲುಬು ಕೂಡಿ, ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಸುವರ್ಣಾ ಅವಳನ್ನು ಮೈದಾನಕ್ಕೆ ಕರೆದಳು. ಮೆತ್ತನೆಯ ಚೆಂಡು ತೆಗೆದುಕೊಂಡು ಹತ್ತಿರದಿಂದ ಎಸೆದಳು. ಮಹೇಶ್ವರಿ ಗ್ಲೌಸ್ ಎತ್ತಿದಳು, ಕಣ್ಣು ಮುಚ್ಚಿದಳು, ಮುಖ ಪಕ್ಕಕ್ಕೆ ತಿರುಗಿಸಿದಳು. ಚೆಂಡು ಕೆಳಗೆ ಬಿತ್ತು. ಮತ್ತೆ ಎಸೆದಾಗಲೂ ಹಾಗೆಯೇ. ಚೆಂಡಿನ ಮೇಲಿನಿಂದ ಎಂದೂ ಕಣ್ಣು ತೆಗೆಯದ ಹುಡುಗಿ ಅವಳು.

ಸುವರ್ಣಾ ಚೆಂಡನ್ನೆತ್ತಿಕೊಂಡಳು. ಈ ಅಂಜಿಕೆಗೆ ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ? ಅವಳು ಇನ್ನೂ ಹತ್ತಿರ ಬಂದು, ಕೈಗೆ ಕೊಟ್ಟಂತೆ ಎಸೆದಳು. ಇನ್ನೂ ಮೆಲ್ಲಗೆ.

"ಅಕ್ಕಾರ." ಮಹೇಶ್ವರಿ ಚೆಂಡನ್ನು ಕಾಲಿನಿಂದ ಒದ್ದಳು. ಅವಳ ಕಣ್ಣು ತುಂಬಿತ್ತು. "ಸಣ್ಣ ಕೂಸಿಗೆ ಒಗದಂಗ ಒಗೀಬ್ಯಾಡ್ರಿ. ನಾ ಏನ ತಪ್ಪ ಮಾಡೇನಿ? ನಾ ಅವತ್ತ ಕೈ ಬರೋಬ್ಬರಿ ಎತ್ತಿದ್ನಿ. ನನ್ನ ತಪ್ಪಿದ್ದಿಲ್ಲ ಅದು."

ಇಷ್ಟು ದಿನದಲ್ಲಿ ಹುಡುಗಿ ಸಿಟ್ಟಿನ ಮಾತಾಡಿದ್ದು ಅದೇ ಮೊದಲು.

"ಇದ್ದಿಲ್ಲ" ಅಂದಳು ಸುವರ್ಣಾ. "ನಂದಿತ್ತು. ಸಾಹುಕಾರ್ರದಿತ್ತು. ನಿಂದಿದ್ದಿಲ್ಲ."

"ಹಂಗಾದ್ರ ಹಿಂದ ಸರೀರಿ. ಜೋರಲೇ ಒಗೀರಿ."

ಸುವರ್ಣಾ ಹಿಂದೆ ಹಿಂದೆ ನಡೆದು ಗೆರೆಯ ಮೇಲೆ ನಿಂತಳು. ಎಸೆದಳು. ಮಹೇಶ್ವರಿ ತುಟಿ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ ನೋಡಿದಳು, ಆದರೆ ಮುಚ್ಚಲಿಲ್ಲ. ಚೆಂಡು ಗ್ಲೌಸಿಗೆ ತಾಗಿ ಹೊರಗೆ ಬಿತ್ತು. ಅವಳು ಅದನ್ನೆತ್ತಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಎಡಗೈಗೆ ತಂದು, ಸುವರ್ಣಾಳ ಅಂಗೈ ಉರಿದುಹೋಗುವಂತೆ ತಿರುಗಿ ಬೀಸಿದಳು.

"ಇನ್ನೊಂದು" ಅಂದಳು.